ಚಿತ್ರಗಳ ಫೈಲ್ ಫಾರ್ಮ್ಯಾಟ್‌ಗಳು, ಅವುಗಳ ಗುಣಮಟ್ಟ ಮತ್ತು ಗಾತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಫೋಟೋ, ಸ್ಕ್ಯಾನ್ ಮಾಡಿದ ಪುಟ, ಸಮಾರಂಭದ ಪೋಸ್ಟರ್, ಅರ್ಜಿಗೆ ಲಗತ್ತಿಸುವ ಭಾವಚಿತ್ರ ಇವೆಲ್ಲವನ್ನೂ ನಾವು ಒಂದೇ ಮಾತಿನಲ್ಲಿ ಇಮೇಜ್ ಎನ್ನುತ್ತೇವೆ ಮತ್ತು ಹೆಚ್ಚಿನವರು ಎಲ್ಲವನ್ನೂ ಜೆಪೆಗ್‌ನಲ್ಲಿಯೇ ಉಳಿಸುತ್ತಾರೆ. ಹಾಗೆ ಮಾಡಿದಾಗ ಕೆಲವು ಚಿತ್ರಗಳಿಗೆ ಏನೂ ಆಗುವುದಿಲ್ಲ, ಇನ್ನು ಕೆಲವು ಮತ್ತೆ ಸರಿಪಡಿಸಲಾಗದಷ್ಟು ಕೆಡುತ್ತವೆ. ಚಿತ್ರದಲ್ಲಿ ಏನಿದೆ ಮತ್ತು ಅದು ಕಾಪಿಡುವ ಮೂಲವೋ ಹಂಚುವ ಪ್ರತಿಯೋ ಎಂಬ ಎರಡು ಸಂಗತಿಗಳನ್ನು ನೋಡಿ ಫಾರ್ಮ್ಯಾಟ್ ಆರಿಸಬೇಕು ಎಂಬುದು ಇಲ್ಲಿನ ಉತ್ತರಗಳ ಹಿಂದಿರುವ ನಿಲುವು.

ಒಂದು ಚಿತ್ರದ ನಿಜವಾದ ಗಾತ್ರ ಎಷ್ಟು?

ಫಾರ್ಮ್ಯಾಟ್ ಬಗ್ಗೆ ಯೋಚಿಸುವ ಮೊದಲು ಪಿಕ್ಸೆಲ್‌ಗಳ, ಅಂದರೆ ಚಿತ್ರವನ್ನು ಕಟ್ಟುವ ಚುಕ್ಕೆಗಳ, ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಸಾಮಾನ್ಯ ಬಣ್ಣದ ಚಿತ್ರದ ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿಗೆ ತಲಾ ಒಂದರಂತೆ ಮೂರು ಬೈಟ್ ಬೇಕು. 12 ಮೆಗಾಪಿಕ್ಸೆಲ್ ಫೋನ್ ಕ್ಯಾಮೆರಾದ 4000 × 3000 ಪಿಕ್ಸೆಲ್‌ಗಳ ಫೋಟೋ ಸಂಕೋಚನವಿಲ್ಲದೆ (ಫೈಲನ್ನು ಕುಗ್ಗಿಸದೆ) 36 ಎಂಬಿ ಆಗುತ್ತದೆ. ಅದೇ ಫೋಟೋ ಫೋನಿನಲ್ಲಿ ಮೂರೋ ನಾಲ್ಕೋ ಎಂಬಿ ಎಂದು ಕಾಣಿಸುತ್ತಿದ್ದರೆ, ಉಳಿದ ಮೂವತ್ತು ಚಿಲ್ಲರೆ ಎಂಬಿಯನ್ನು ಜೆಪೆಗ್ ಆಗಲೇ ಇಳಿಸಿದೆ ಎಂದು ತಿಳಿಯಬೇಕು. ಎ4 ಕಾಗದವನ್ನು 300 ಡಿಪಿಐನಲ್ಲಿ (ಅಂದರೆ ಇಂಚಿಗೆ 300 ಚುಕ್ಕೆಗಳಂತೆ) ಸ್ಕ್ಯಾನ್ ಮಾಡಿದರೆ 2480 × 3508 ಪಿಕ್ಸೆಲ್‌ಗಳು ಬರುತ್ತವೆ. ಬಣ್ಣದಲ್ಲಾದರೆ ಅದು ಸುಮಾರು 26 ಎಂಬಿ, ಬೂದುಛಾಯೆಯಲ್ಲಾದರೆ 8.7 ಎಂಬಿ, ಬರೀ ಕಪ್ಪು ಬಿಳುಪಿನಲ್ಲಾದರೆ ಒಂದು ಎಂಬಿಗಿಂತ ತುಸು ಹೆಚ್ಚು.

ಈ ಲೆಕ್ಕ ಕೈಯಲ್ಲಿದ್ದರೆ ಎಷ್ಟು ಇಳಿಸಬಹುದು, ಎಲ್ಲಿಗೆ ನಿಲ್ಲಿಸಬೇಕು ಎಂಬ ಅಂದಾಜು ಸಿಗುತ್ತದೆ. ಉದ್ದ ಅಗಲ ಎರಡನ್ನೂ ಅರ್ಧಕ್ಕೆ ಇಳಿಸಿದರೆ ಪಿಕ್ಸೆಲ್‌ಗಳು ಕಾಲು ಭಾಗಕ್ಕೆ ಇಳಿಯುತ್ತವೆ. ಪರದೆಯ ಮೇಲಷ್ಟೇ ನೋಡುವ ಚಿತ್ರಕ್ಕೆ ಮೊದಲು ಮಾಡಬೇಕಾದದ್ದು ಇದನ್ನೇ.

ನಷ್ಟರಹಿತ ಮತ್ತು ನಷ್ಟಸಹಿತ ಸಂಕೋಚನಗಳ ನಡುವಿನ ವ್ಯತ್ಯಾಸವೇನು?

ನಷ್ಟರಹಿತ ಸಂಕೋಚನದಲ್ಲಿ ಫೈಲನ್ನು ಮತ್ತೆ ತೆರೆದಾಗ ಪ್ರತಿಯೊಂದು ಪಿಕ್ಸೆಲ್ಲೂ ಮೊದಲಿದ್ದಂತೆಯೇ ಬರುತ್ತದೆ. ಪಿಎನ್‌ಜಿ, ಜಿಪ್ ಅಥವಾ ಎಲ್‌ಝಡ್‌ಡಬ್ಲ್ಯು ಸಂಕೋಚನದ ಟಿಫ್, ಗೂಗಲ್‌ನ ವೆಬ್‌ಪಿ ಫಾರ್ಮ್ಯಾಟ್‌ನ ಒಂದು ಬಗೆ ಈ ಗುಂಪಿನವು. ನಷ್ಟಸಹಿತ ಸಂಕೋಚನವು ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಆರಿಸಿ ಬಿಟ್ಟುಬಿಡುತ್ತದೆ, ಬಿಟ್ಟದ್ದು ಮರಳಿ ಸಿಗುವುದಿಲ್ಲ. ಜೆಪೆಗ್ ಈ ಗುಂಪಿಗೆ ಸೇರಿದ್ದು. ಫೋಟೋಗಳ ಮಟ್ಟಿಗೆ ಎರಡರ ನಡುವಿನ ಅಂತರ ಬಹಳ ದೊಡ್ಡದು: ಮೇಲಿನ 36 ಎಂಬಿ ಫೋಟೋವನ್ನು ಪಿಎನ್‌ಜಿಗೆ ಹಾಕಿದರೆ ಸಾಮಾನ್ಯವಾಗಿ 15ರಿಂದ 25 ಎಂಬಿಗೆ ಇಳಿದು ನಿಲ್ಲುತ್ತದೆ, ಒಳ್ಳೆಯ ಗುಣಮಟ್ಟದ ಜೆಪೆಗ್ ಅದರ ಐದನೆಯ ಒಂದು ಭಾಗದಷ್ಟೂ ಆಗುವುದಿಲ್ಲ.

ಜೆಪೆಗ್ ಇಷ್ಟೊಂದು ಇಳಿಸುವುದಾದರೂ ಹೇಗೆ?

ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬ ಎಂಜಿನಿಯರ್ ಎದುರಾಗುತ್ತಾರೆ. 1940ರಲ್ಲಿ ಜನಿಸಿ, ಇಲ್ಲಿಯ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ (ಇಂದಿನ ಯುವಿಸಿಇ) ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್ ಅವರು ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ 1974ರಲ್ಲಿ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತ ವಿಧಾನವನ್ನು ಪ್ರಕಟಿಸಿದರು. 1992ರಲ್ಲಿ ಜಾಯಿಂಟ್ ಫೋಟೋಗ್ರಾಫಿಕ್ ಎಕ್ಸ್‌ಪರ್ಟ್ಸ್ ಗ್ರೂಪ್ ರೂಪಿಸಿದ ಜೆಪೆಗ್ ಮಾನಕದ ನಡುಗಂಬ ಅದೇ ವಿಧಾನ. ನಾವು ದಿನವೂ ಕಳುಹಿಸುವ ಫೋಟೋಗಳ ಹಿಂದೆ ಈ ಊರಿನ ಕಾಲೇಜೊಂದರಲ್ಲಿ ಓದಿದವರ ಕೆಲಸವಿದೆ ಎಂಬುದು ಇಲ್ಲಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಲ್ಲ ತಿಳಿದಿರಬೇಕಾದ ಸಂಗತಿ.

ಕೆಲಸ ನಡೆಯುವುದು ಹೀಗೆ. ಮೊದಲು ಚಿತ್ರದ ಬೆಳಕನ್ನೂ ಬಣ್ಣವನ್ನೂ ಬೇರ್ಪಡಿಸಲಾಗುತ್ತದೆ. ನಂತರ ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ 64 ಬೆಲೆಗಳನ್ನು ನಿಧಾನ ಬದಲಾವಣೆಯಿಂದ ತೀವ್ರ ಬದಲಾವಣೆಯವರೆಗಿನ 64 ವಿನ್ಯಾಸಗಳ ಮೊತ್ತವಾಗಿ ಬರೆಯಲಾಗುತ್ತದೆ. ಆಕಾಶ, ಮುಖ, ಗೋಡೆ ಇಂಥವುಗಳಲ್ಲಿ ಬದಲಾವಣೆ ನಿಧಾನವಾಗಿರುವುದರಿಂದ ಮೊದಲ ಕೆಲವು ಸಂಖ್ಯೆಗಳಲ್ಲೇ ಬಹುಪಾಲು ಮಾಹಿತಿ ಅಡಗುತ್ತದೆ. ಉಳಿದವನ್ನು ಒರಟಾಗಿ ದುಂಡಾಗಿಸಿದರೆ (ಹತ್ತಿರದ ಇಡೀ ಸಂಖ್ಯೆಗೆ ತಂದರೆ) ಹೆಚ್ಚಿನವು ಸೊನ್ನೆಯಾಗುತ್ತವೆ, ಸೊನ್ನೆಗಳ ಸಾಲನ್ನು ಬರೆಯಲು ಜಾಗವೇ ಬೇಕಾಗುವುದಿಲ್ಲ. ನಷ್ಟ ಮುಖ್ಯವಾಗಿ ಆಗುವುದು ಈ ದುಂಡಾಗಿಸುವ ಹಂತದಲ್ಲಿ. ಬಿಳಿ ಕಾಗದದ ಮೇಲಿನ ಕಪ್ಪು ಅಕ್ಷರದ ಅಂಚಿನಲ್ಲಿ ಮಾತ್ರ ಬದಲಾವಣೆ ಒಮ್ಮೆಗೇ ಆಗುತ್ತದೆ, ಅಂಥ ಚೌಕದಲ್ಲಿ ಎಲ್ಲ ಸಂಖ್ಯೆಗಳೂ ಮುಖ್ಯವೇ. ಅವುಗಳನ್ನು ದುಂಡಾಗಿಸಿದಾಗ ಅಕ್ಷರದ ಸುತ್ತ ಧೂಳಿನಂಥ ಬೂದು ಚುಕ್ಕೆಗಳು ಏಳುತ್ತವೆ.

ಜೆಪೆಗ್ ಉಳಿಸುವಾಗ ಕ್ವಾಲಿಟಿ ಸಂಖ್ಯೆ ಎಷ್ಟಿರಬೇಕು?

ವೆಬ್‌ಸೈಟಿನ ಫೋಟೋಗಳಿಗೆ 75ರಿಂದ 85, ಮುದ್ರಣಕ್ಕೆ ಕಳುಹಿಸುವುದಕ್ಕೆ 90ರಿಂದ 95 ಎಂಬುದು ನನ್ನ ಸಲಹೆ. 95ರಿಂದ 100ಕ್ಕೆ ಏರಿಸಿದಾಗ ಫೈಲಿನ ಗಾತ್ರ ಬಹಳ ಬೇಗ ಹಿಗ್ಗುತ್ತದೆ, ಆದರೆ ಕಣ್ಣಿಗೆ ಸಿಗುವ ಲಾಭ ತೀರ ಕಡಿಮೆ; ಅಲ್ಲದೆ 100 ಎಂದರೂ ಅದು ನಷ್ಟರಹಿತವಲ್ಲ. ಈ ಸಂಖ್ಯೆ ಶೇಕಡಾವಾರು ಅಲ್ಲ, ಎಲ್ಲ ತಂತ್ರಾಂಶಗಳಿಗೂ ಸಮಾನವಾದ ಅಳತೆಯೂ ಅಲ್ಲ. ಗಿಂಪ್‌ನಲ್ಲಿ 100ರವರೆಗಿನ ಅಳತೆ ಇದೆ, ಫೋಟೋಶಾಪ್‌ನಲ್ಲಿ ಸಾಮಾನ್ಯವಾಗಿ ಉಳಿಸುವಾಗ 0ಯಿಂದ 12ರವರೆಗಿನದು. ಜೆಪೆಗ್‌ನ 80 ಮತ್ತು ವೆಬ್‌ಪಿಯ 80 ಒಂದೇ ಗುಣಮಟ್ಟ ಎಂದು ಎಣಿಸುವುದಂತೂ ಪೂರ್ತಿ ತಪ್ಪು.

ರಾಜ್ಯೋತ್ಸವದ ಪೋಸ್ಟರ್‌ನಲ್ಲಿ ಹಳದಿಯ ಮೇಲಿನ ಕೆಂಪು ಅಕ್ಷರಗಳು ಕದಡಿದಂತೆ ಕಾಣುವುದೇಕೆ?

ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಗುರುತಿಸುವುದಿಲ್ಲ. ಇದನ್ನು ಬಳಸಿಕೊಂಡು ಜೆಪೆಗ್ ಉಳಿಸುವ ಹೆಚ್ಚಿನ ತಂತ್ರಾಂಶಗಳು ಬೆಳಕನ್ನು ಪ್ರತಿ ಪಿಕ್ಸೆಲ್‌ಗೂ ಬರೆದು, ಬಣ್ಣವನ್ನು ಮಾತ್ರ ನಾಲ್ಕು ಪಿಕ್ಸೆಲ್‌ಗಳಿಗೆ ಒಂದರಂತೆ ಬರೆಯುತ್ತವೆ. ತಾಂತ್ರಿಕವಾಗಿ ಇದರ ಹೆಸರು 4:2:0. ಭೂದೃಶ್ಯದ ಫೋಟೋದಲ್ಲಿ ಇದು ಗೊತ್ತೇ ಆಗುವುದಿಲ್ಲ. ಆದರೆ ಅರಿಶಿನ ಕುಂಕುಮ ಬಣ್ಣದ ಬಾವುಟವನ್ನು ಹಿನ್ನೆಲೆಯಾಗಿಟ್ಟು ಹಳದಿಯ ಮೇಲೆ ಕೆಂಪಿನಲ್ಲಿ, ಕೆಂಪಿನ ಮೇಲೆ ಹಳದಿಯಲ್ಲಿ ಬರೆದಾಗ ಅಕ್ಷರದ ಅಂಚೆಂದರೆ ಎರಡು ಕಡು ಬಣ್ಣಗಳ ಗಡಿ. ಅಲ್ಲಿ ನಾಲ್ಕು ಪಿಕ್ಸೆಲ್‌ಗಳಿಗೆ ಒಂದೇ ಬಣ್ಣ ಹಂಚಿದರೆ ಎರಡೂ ಬೆರೆತು ಮಂಕು ಪಟ್ಟಿಯೊಂದು ಮೂಡುತ್ತದೆ. ಸಣ್ಣ ಅಕ್ಷರಗಳಲ್ಲಿ, ಅದರಲ್ಲೂ ಒತ್ತಕ್ಷರಗಳ ಒಳಗಿನ ಕಿರಿದಾದ ಜಾಗದಲ್ಲಿ ಇದು ಎದ್ದು ಕಾಣುತ್ತದೆ.

ಇಂಥ ಪೋಸ್ಟರನ್ನು ಪಿಎನ್‌ಜಿಯಲ್ಲಿ ಉಳಿಸುವುದು ಸರಿಯಾದ ದಾರಿ. ಜೆಪೆಗ್ ಕೇಳಿಯೇ ಕೇಳುತ್ತಾರೆ ಎಂದಾದರೆ ಉಳಿಸುವಾಗ ಸಬ್‌ಸ್ಯಾಂಪ್ಲಿಂಗ್ ಎಂಬ ಆಯ್ಕೆಯನ್ನು 4:4:4ಕ್ಕೆ (ಬಣ್ಣವನ್ನೂ ಪ್ರತಿ ಪಿಕ್ಸೆಲ್‌ಗೆ ಬರೆಯುವ ಬಗೆಗೆ) ಬದಲಿಸಬೇಕು. ಗಿಂಪ್‌ನ ರಫ್ತು ಕಿಟಕಿಯಲ್ಲಿ ಈ ಆಯ್ಕೆ ಇದೆ. ವೆಬ್‌ಪಿಯ ನಷ್ಟಸಹಿತ ಬಗೆಯಲ್ಲಿ 4:2:0 ಬಿಟ್ಟು ಬೇರೆ ಆಯ್ಕೆಯೇ ಇಲ್ಲ, ಹೀಗಾಗಿ ಗುಣಮಟ್ಟದ ಸಂಖ್ಯೆಯನ್ನು ಎಷ್ಟೇ ಏರಿಸಿದರೂ ಈ ಮಂಕು ಪೂರ್ತಿ ಹೋಗುವುದಿಲ್ಲ.

ಪಿಎನ್‌ಜಿಯನ್ನು ಯಾವಾಗ ಬಳಸಬೇಕು? ಜಿಫ್ ಇನ್ನೂ ಬೇಕೇ?

ಸ್ಕ್ರೀನ್‌ಶಾಟ್, ನಕ್ಷೆ, ಲಾಂಛನ, ಕೋಷ್ಟಕ, ಅಕ್ಷರಗಳೇ ಹೆಚ್ಚಿರುವ ವಿನ್ಯಾಸ, ಹಿನ್ನೆಲೆ ಪಾರದರ್ಶಕವಾಗಿರಬೇಕಾದ ಚಿತ್ರ ಇವುಗಳಿಗೆಲ್ಲ ಪಿಎನ್‌ಜಿ ಸೂಕ್ತ. ಒಂದೇ ಬಣ್ಣದ ದೊಡ್ಡ ದೊಡ್ಡ ಜಾಗಗಳಿರುವ ಚಿತ್ರದಲ್ಲಿ ಅದು ಜೆಪೆಗ್‌ಗಿಂತ ಚಿಕ್ಕದಾಗಿಯೂ ಬರಬಲ್ಲದು. ಫೋಟೋಗೆ ಮಾತ್ರ ಅದು ವಿನಾಕಾರಣ ಭಾರ. ಜಿಫ್ 1987ರದ್ದು, ಒಂದು ಚಿತ್ರದಲ್ಲಿ 256 ಬಣ್ಣಗಳಿಗಷ್ಟೇ ಅದರಲ್ಲಿ ಜಾಗ. ಅದರ ಸಂಕೋಚನ ವಿಧಾನದ ಮೇಲಿನ ಪೇಟೆಂಟ್ ವಿವಾದವೇ 1996ರಲ್ಲಿ ಪಿಎನ್‌ಜಿ ಹುಟ್ಟಲು ಕಾರಣವಾಯಿತು. ಚಲಿಸುವ ಪುಟ್ಟ ಚಿತ್ರಗಳನ್ನು ಬಿಟ್ಟರೆ ಇಂದು ಅದರಿಂದ ಆಗಬೇಕಾದ ಕೆಲಸ ಯಾವುದೂ ಇಲ್ಲ.

ಹಳೆಯ ಕನ್ನಡ ಪುಸ್ತಕವನ್ನು ಸ್ಕ್ಯಾನ್ ಮಾಡುವಾಗ ಯಾವ ಫಾರ್ಮ್ಯಾಟ್ ಆರಿಸಬೇಕು?

ಈ ಪ್ರಶ್ನೆಗೆ ವಿವರವಾಗಿ ಉತ್ತರಿಸಬೇಕಾಗಿದೆ, ಏಕೆಂದರೆ ಹರಿದುಹೋಗುತ್ತಿರುವ ಪುಸ್ತಕವನ್ನು ಎರಡನೆಯ ಸಲ ಸ್ಕ್ಯಾನರ್ ಮೇಲೆ ಮಲಗಿಸುವ ಅವಕಾಶ ಹಲವು ಬಾರಿ ಸಿಗುವುದೇ ಇಲ್ಲ.

ಮೊದಲು ಅಕ್ಷರದ ಲೆಕ್ಕ. ಹನ್ನೊಂದು ಪಾಯಿಂಟಿನ ಅಕ್ಷರಕ್ಕೆ 300 ಡಿಪಿಐನಲ್ಲಿ ಸುಮಾರು 46 ಪಿಕ್ಸೆಲ್ ಎತ್ತರದ ಜಾಗ ಸಿಗುತ್ತದೆ, ಮಹಾಪ್ರಾಣದ ಹೊಟ್ಟೆಸೀಳಿಗೆ ಅದರಲ್ಲಿ ಮೂರು ನಾಲ್ಕು ಪಿಕ್ಸೆಲ್ ದಕ್ಕಬಹುದು. ಅದೇ ಪುಟವನ್ನು 100 ಡಿಪಿಐಗೆ ಇಳಿಸಿದರೆ ಇಡೀ ಅಕ್ಷರಕ್ಕೆ 15 ಪಿಕ್ಸೆಲ್ ಉಳಿಯುತ್ತದೆ, ಸೀಳಿಗೆ ಒಂದು ಪಿಕ್ಸೆಲ್. ಇಡೀ ಒತ್ತಕ್ಷರವೇ ಜೆಪೆಗ್‌ನ ಒಂದೇ ಚೌಕದೊಳಗೆ ಮುಗಿದುಹೋಗುತ್ತದೆ, ಆ ಚೌಕದಲ್ಲಿ ದುಂಡಾಗಿಸುವಿಕೆ ಜೋರಾದರೆ ಸೀಳು ತುಂಬಿಕೊಂಡು ‘ಧನ’ವು ‘ದನ’ವಾಗುತ್ತದೆ, ‘ಭಾರ’ವು ‘ಬಾರ’ವಾಗುತ್ತದೆ. ರ ಮತ್ತು ಠಗಳ ನಡುವೆ ಇರುವುದು ಒಂದು ಚುಕ್ಕೆಯ ಅಂತರ ಮಾತ್ರ. ಪರಿಚಿತ ಪದವಾದರೆ ಓದುಗರು ಊಹಿಸಿಕೊಂಡು ಓದುತ್ತಾರೆ. ಹಳಗನ್ನಡ ಪದ್ಯದಲ್ಲಿ, ವ್ಯಕ್ತಿಯ ಅಥವಾ ಊರಿನ ಹೆಸರಿನಲ್ಲಿ ಊಹೆಗೆ ಆಧಾರವಿರುವುದಿಲ್ಲ. ಅಕ್ಷರ ಗುರುತಿಸುವ ತಂತ್ರಾಂಶಕ್ಕಂತೂ ಊಹಿಸುವ ಶಕ್ತಿ ಇನ್ನೂ ಕಡಿಮೆ. ಕನ್ನಡವನ್ನೂ ಓದಬಲ್ಲ ಟೆಸೆರಾಕ್ಟ್ 300 ಡಿಪಿಐ ಅಥವಾ ಅದಕ್ಕಿಂತ ಹೆಚ್ಚಿನ ಸ್ಕ್ಯಾನ್ ಇದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನು ಗಾತ್ರ. ಡೆಮಿ 1/8 ಆಕಾರದ ಪುಟವೆಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಅದನ್ನು 400 ಡಿಪಿಐನಲ್ಲಿ ತೆಗೆದರೆ 2200 × 3400 ಪಿಕ್ಸೆಲ್‌ಗಳು, ಅಂದರೆ ಬಣ್ಣದಲ್ಲಿ 22.4 ಎಂಬಿ. ಮುನ್ನೂರು ಪುಟದ ಪುಸ್ತಕಕ್ಕೆ ಸಂಕೋಚನವಿಲ್ಲದೆ 6.7 ಜಿಬಿ, ಬೂದುಛಾಯೆಯಲ್ಲಿ 2.2 ಜಿಬಿ, ಬರೀ ಕಪ್ಪು ಬಿಳುಪಿನಲ್ಲಿ 280 ಎಂಬಿ ಬೇಕು. ಕಪ್ಪು ಬಿಳುಪಿನ ಪುಟವನ್ನು ಟಿಫ್‌ನೊಳಗೆ ಗ್ರೂಪ್ 4 ಎಂಬ ನಷ್ಟರಹಿತ ಸಂಕೋಚನದಲ್ಲಿ ಉಳಿಸಿದರೆ ಒಂದೊಂದು ಪುಟ ಕೆಲವು ಹತ್ತು ಕೆಬಿಗಳಿಗೆ ಇಳಿಯುತ್ತದೆ. ಗಾತ್ರದ ದೃಷ್ಟಿಯಿಂದ ಇದನ್ನು ಮೀರಿಸುವುದು ಕಷ್ಟ.

ಆದರೂ ಅಚ್ಚುಮೊಳೆಯ ಕಾಲದ ಪುಸ್ತಕಗಳನ್ನು ನೇರವಾಗಿ ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡುವುದನ್ನು ನಾನು ಒಪ್ಪುವುದಿಲ್ಲ. ಅವುಗಳ ಕಾಗದ ಹಳದಿಗಟ್ಟಿರುತ್ತದೆ, ಹಿಂದಿನ ಪುಟದ ಮಸಿ ಈಚೆಗೆ ಇಣುಕುತ್ತದೆ, ಸವೆದ ಮೊಳೆಯಿಂದ ಒಂದು ಅಕ್ಷರ ತೆಳುವಾಗಿ, ಪಕ್ಕದ್ದು ದಪ್ಪವಾಗಿ ಬಿದ್ದಿರುತ್ತದೆ. ಯಾವುದು ಕಪ್ಪು, ಯಾವುದು ಬಿಳಿ ಎಂಬ ತೀರ್ಮಾನವನ್ನು ಸ್ಕ್ಯಾನರ್ ಆ ಕ್ಷಣದಲ್ಲೇ ಮಾಡಿಬಿಟ್ಟರೆ ತೆಳು ಅಕ್ಷರ ತುಂಡಾಗುತ್ತದೆ, ದಪ್ಪ ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ, ಆಮೇಲೆ ತಿದ್ದಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಮೂಲವನ್ನು ಬೂದುಛಾಯೆಯಲ್ಲಿ ಅಥವಾ ಬಣ್ಣದಲ್ಲಿ, ನಷ್ಟರಹಿತ ಟಿಫ್ ಇಲ್ಲವೇ ಪಿಎನ್‌ಜಿಯಾಗಿ ಉಳಿಸಿ, ಅದರಿಂದ ಕಪ್ಪು ಬಿಳುಪಿನ ಚಿಕ್ಕ ಪಿಡಿಎಫ್ ತಯಾರಿಸಿ ಹಂಚುವುದು ಒಳ್ಳೆಯದು. ಡಿಸ್ಕ್ ಜಾಗ ನಿಜವಾಗಿಯೂ ಇಲ್ಲದಿದ್ದರೆ 400 ಡಿಪಿಐ ಹಾಗೇ ಇಟ್ಟುಕೊಂಡು ಕ್ವಾಲಿಟಿ 90ರ ಮೇಲಿನ ಬೂದುಛಾಯೆಯ ಜೆಪೆಗ್ ಆಗಬಹುದು. ಡಿಪಿಐ ಇಳಿಸಿ ನಷ್ಟರಹಿತದಲ್ಲಿ ಉಳಿಸುವುದಕ್ಕಿಂತ ಅದು ಮೇಲು.

ಸ್ಕ್ಯಾನ್ ಮಾಡಿದ ಪಿಡಿಎಫ್ ತುಂಬ ಚಿಕ್ಕದಾಗಿ ಬಂದರೆ ಸಂತೋಷಪಡಬಹುದೇ?

ಒಂದು ಎಚ್ಚರಿಕೆಯೊಂದಿಗೆ. ಪಿಡಿಎಫ್‌ನೊಳಗೆ ಕಪ್ಪು ಬಿಳುಪಿನ ಪುಟಗಳಿಗಾಗಿ ಜೆಬಿಗ್2 ಎಂಬ ಸಂಕೋಚನ ವಿಧಾನವೊಂದಿದೆ. ಅದು ಪುಟದಲ್ಲಿ ಮತ್ತೆ ಮತ್ತೆ ಬರುವ ಆಕಾರಗಳನ್ನು ಗುರುತಿಸಿ, ಒಂದು ಆಕಾರವನ್ನು ಒಮ್ಮೆ ಮಾತ್ರ ಉಳಿಸಿ, ಉಳಿದ ಕಡೆಗಳಲ್ಲಿ ಅದನ್ನೇ ಕೂರಿಸುತ್ತದೆ. ನಷ್ಟರಹಿತ ಬಗೆಯಲ್ಲಿ ಇದರಿಂದ ತೊಂದರೆಯಿಲ್ಲ. ನಷ್ಟಸಹಿತ ಬಗೆಯಲ್ಲಿ ಹೋಲಿಕೆಯ ಪಟ್ಟನ್ನು ಸಡಿಲ ಬಿಟ್ಟರೆ ಒಂದನ್ನು ಇನ್ನೊಂದೆಂದು ಭಾವಿಸಿ ಅದು ಕೂರಿಸಿಬಿಡಬಹುದು. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬವರು ಝೆರಾಕ್ಸ್ ಕಂಪನಿಯ ಕೆಲವು ಸ್ಕ್ಯಾನರ್‌ಗಳು ಕಟ್ಟಡದ ನಕ್ಷೆಯಲ್ಲಿನ ಅಂಕಿಗಳನ್ನೇ ಬದಲಾಯಿಸುತ್ತಿರುವುದನ್ನು, 6 ಇದ್ದಲ್ಲಿ 8 ಬರುತ್ತಿರುವುದನ್ನು ತೋರಿಸಿಕೊಟ್ಟರು. ನಂತರ ಕಂಪನಿ ತಂತ್ರಾಂಶವನ್ನು ತಿದ್ದಿತು. ಇಲ್ಲಿಯ ಅಪಾಯವೆಂದರೆ ಪುಟದಲ್ಲಿ ಮಬ್ಬು ಕಾಣುವುದಿಲ್ಲ, ಅಚ್ಚುಕಟ್ಟಾದ ತಪ್ಪು ಅಕ್ಷರ ಕಾಣುತ್ತದೆ. ಸೀಳು, ಚುಕ್ಕೆ, ಕೊಂಬುಗಳಿಂದಲೇ ಬೇರೆಯಾಗುವ ನಮ್ಮ ಅಕ್ಷರಗಳಿಗೆ ಮತ್ತು ಪಹಣಿ, ಕ್ರಯಪತ್ರ, ಅಂಕಪಟ್ಟಿಗಳಂಥ ದಾಖಲೆಗಳಿಗೆ ಈ ನಷ್ಟಸಹಿತ ಬಗೆಯನ್ನು ಬಳಸಲೇಬಾರದು.

ಓಲೆಗರಿ, ಹಳೆಯ ಛಾಯಾಚಿತ್ರಗಳನ್ನು ಶಾಶ್ವತವಾಗಿ ಕಾಪಿಡಲು ಟಿಫ್ ಒಳ್ಳೆಯದೋ ಜೆಪೆಗ್ 2000 ಒಳ್ಳೆಯದೋ?

ಹದಿನೆಂಟು ಇಂಚು ಉದ್ದ, ಒಂದೂವರೆ ಇಂಚು ಅಗಲದ ಒಂದು ಗರಿಯನ್ನು 600 ಡಿಪಿಐನಲ್ಲಿ ತೆಗೆದರೆ 10,800 × 900 ಪಿಕ್ಸೆಲ್‌ಗಳು, ಒಂದು ಬದಿಗೆ ಸುಮಾರು 29 ಎಂಬಿ. ಪ್ರತಿ ಬಣ್ಣಕ್ಕೆ ಒಂದು ಬೈಟ್‌ನ (8 ಬಿಟ್) ಬದಲು 16 ಬಿಟ್ ಇಟ್ಟರೆ ಅದರ ಎರಡರಷ್ಟು. ಕಂಟದಿಂದ ಕೊರೆದು ಮಸಿ ತುಂಬಿದ ಗೆರೆಯನ್ನು ಗರಿಯ ನಾರಿನಿಂದ ಬೇರ್ಪಡಿಸಿ ನೋಡಲು ಕಂದು ಬಣ್ಣದ ಸಣ್ಣ ಸಣ್ಣ ಛಾಯೆಗಳು ಬೇಕಾಗುತ್ತವೆ, ಮುಂದೊಂದು ದಿನ ಮಸಿ ಮಾಸಿದ ಸಾಲನ್ನು ಓದಲು ಆ 16 ಬಿಟ್ ನೆರವಾಗಬಹುದು.

1986ರಲ್ಲಿ ಆಲ್ಡಸ್ ಕಂಪನಿ ರೂಪಿಸಿದ ಟಿಫ್ ಹಳೆಯದು, ಸರಳ, ಬಹುತೇಕ ಎಲ್ಲ ತಂತ್ರಾಂಶಗಳೂ ಅದನ್ನು ತೆರೆಯುತ್ತವೆ. ಮಾಮೂಲಿ ಟಿಫ್‌ಗೆ 4 ಜಿಬಿ ಮಿತಿ ಇದೆ ಎಂಬುದು ಇಲ್ಲಿ ಅಡ್ಡಿಯಾಗುವುದಿಲ್ಲ. ಜೆಪೆಗ್ 2000 ನಷ್ಟರಹಿತವಾಗಿಯೂ ಉಳಿಸಬಲ್ಲದು ಮತ್ತು ಟಿಫ್‌ಗಿಂತ ಗಣನೀಯವಾಗಿ ಚಿಕ್ಕದಾಗಿ ಉಳಿಸುತ್ತದೆ. ಚಿತ್ರಮಂದಿರಗಳಿಗೆ ಬರುವ ಡಿಜಿಟಲ್ ಸಿನಿಮಾದ ಪ್ರತಿ ಚೌಕಟ್ಟೂ ಈ ಫಾರ್ಮ್ಯಾಟ್‌ನಲ್ಲೇ ಇರುತ್ತದೆ, ಇಂಟರ್‌ನೆಟ್ ಆರ್ಕೈವ್ ತಾನು ಸ್ಕ್ಯಾನ್ ಮಾಡಿದ ಪುಸ್ತಕಗಳ ಪುಟಗಳನ್ನು ಇದರಲ್ಲೇ ಇಡುತ್ತದೆ. ಆದರೆ ಬ್ರೌಸರ್‌ಗಳಲ್ಲಿ ಅದು ನೆಲೆ ಕಂಡುಕೊಳ್ಳಲಿಲ್ಲ, ಮನೆಯ ಕಂಪ್ಯೂಟರಿನಲ್ಲಿ ತೆರೆಯಲು ಹುಡುಕಾಡಬೇಕು. ತಾಂತ್ರಿಕ ಸಿಬ್ಬಂದಿಯಿರುವ ದೊಡ್ಡ ಗ್ರಂಥಾಲಯಕ್ಕೆ ಜೆಪೆಗ್ 2000 ಉಳಿತಾಯ ತರುತ್ತದೆ. ಮಠ, ಮನೆ, ಸಣ್ಣ ಸಂಘಗಳಿಗೆ ಟಿಫ್ ಸಾಕು.

ವೆಬ್‌ಪಿ, ಎವಿಐಎಫ್, ಜೆಪೆಗ್ ಎಕ್ಸ್‌ಎಲ್ ಇವುಗಳಲ್ಲಿ ಯಾವುದು ಉತ್ತಮ?

ವೆಬ್‌ಸೈಟ್ ನಡೆಸುವವರಿಗೆ ಇವು ನಿಜಕ್ಕೂ ಪ್ರಯೋಜನಕಾರಿ. 2010ರಲ್ಲಿ ಗೂಗಲ್ ತಂದ ವೆಬ್‌ಪಿ ಅದೇ ಗುಣಮಟ್ಟದ ಜೆಪೆಗ್‌ಗಿಂತ ಶೇ. 25ರಿಂದ 34ರಷ್ಟು ಚಿಕ್ಕದಿರುತ್ತದೆ ಎಂಬುದು ಗೂಗಲ್‌ನದೇ ಅಳತೆ. ಫೋಟೋಗಳನ್ನು ಈಗಾಗಲೇ ಚೆನ್ನಾಗಿ ಸಂಕೋಚಿಸಿದ್ದರೆ ಲಾಭ ಇಷ್ಟು ಸಿಗದೆಯೂ ಹೋಗಬಹುದು. ಅದರ ಚಿತ್ರದ ಒಂದು ಬದಿ 16,383 ಪಿಕ್ಸೆಲ್ ಮೀರುವಂತಿಲ್ಲ. ಎವಿ1 ವಿಡಿಯೋ ಸಂಕೋಚನವನ್ನು ಆಧರಿಸಿ 2019ರಲ್ಲಿ ಬಂದ ಎವಿಐಎಫ್ ಕಡಿಮೆ ಗಾತ್ರದಲ್ಲಿ ವೆಬ್‌ಪಿಯನ್ನೂ ಹಿಂದಿಕ್ಕುತ್ತದೆ, 10 ಮತ್ತು 12 ಬಿಟ್ ಬಣ್ಣವನ್ನು ಉಳಿಸುತ್ತದೆ, 4:4:4 ಬಣ್ಣವನ್ನೂ ಒಪ್ಪುತ್ತದೆ. ಉಳಿಸಲು ಸಮಯ ಹೆಚ್ಚು ಬೇಕು. ತೀರಾ ಇಳಿಸಿದಾಗ ಜೆಪೆಗ್ ಚೌಕಚೌಕವಾಗಿ ಒಡೆದು ಕಂಡರೆ ಎವಿಐಎಫ್ ಚರ್ಮದ ರಂಧ್ರ, ಸೀರೆಯ ನೇಯ್ಗೆ, ಹುಲ್ಲಿನ ಎಳೆಗಳನ್ನು ನುಣ್ಣಗೆ ಒರೆಸಿಹಾಕುತ್ತದೆ. ಎರಡೂ ನಷ್ಟವೇ, ಆದರೆ ಎರಡನೆಯದು ಮೊದಲ ನೋಟಕ್ಕೆ ಸಿಕ್ಕಿಬೀಳುವುದಿಲ್ಲ. ಇಳಕಲ್ ಸೀರೆಯ ಅಂಚನ್ನು ತೋರಿಸಿ ಮಾರಬೇಕಾದವರು ಇದನ್ನು ಗಮನಿಸಬೇಕು.

ಜೆಪೆಗ್ ಎಕ್ಸ್‌ಎಲ್ ಗುಣದಲ್ಲಿ ಇವೆರಡಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ಈಗಿರುವ ಜೆಪೆಗ್ ಫೈಲನ್ನು ಅದು ಇನ್ನಷ್ಟು ನಷ್ಟವಿಲ್ಲದೆ ಸುಮಾರು ಐದನೇ ಒಂದು ಭಾಗದಷ್ಟು ಇಳಿಸಬಲ್ಲದು ಮತ್ತು ಬೇಕೆಂದಾಗ ಮೂಲ ಜೆಪೆಗ್ ಅನ್ನು ಒಂದು ಬಿಟ್ ಕೂಡ ಬದಲಾಗದೆ ಹಿಂದಿರುಗಿಸಬಲ್ಲದು. ಆದರೆ 2022ರ ಕೊನೆಯಲ್ಲಿ ಕ್ರೋಮ್ ತಂಡ ಅದರ ಪ್ರಾಯೋಗಿಕ ಬೆಂಬಲವನ್ನು ಕೈಬಿಡುವುದಾಗಿ ಹೇಳಿತು, 2023ರಲ್ಲಿ ಸಫಾರಿ ಬೆಂಬಲ ಕೊಟ್ಟಿತು. ಎಲ್ಲ ಓದುಗರನ್ನೂ ತಲುಪಬೇಕಾದ ಪುಟದಲ್ಲಿ ಅದೊಂದನ್ನೇ ನಂಬಿಕೊಳ್ಳುವ ಹಾಗಿಲ್ಲ.

ಐಫೋನಿನ ಫೋಟೋಗಳು ಬೇರೆ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲವೇಕೆ?

2017ರ ಐಓಎಸ್ 11ರಿಂದ ಐಫೋನ್ ಫೋಟೋಗಳನ್ನು ಎಚ್‌ಇಐಸಿ ಫಾರ್ಮ್ಯಾಟ್‌ನಲ್ಲಿ ಉಳಿಸುತ್ತದೆ. ಅದೇ ಗುಣಮಟ್ಟಕ್ಕೆ ಜೆಪೆಗ್‌ನ ಸುಮಾರು ಅರ್ಧ ಜಾಗ ಸಾಕಾಗುತ್ತದೆ, ಆದರೆ ಅದರ ಹಿಂದಿನ ವಿಡಿಯೋ ತಂತ್ರಕ್ಕೆ ಪೇಟೆಂಟ್ ಹಕ್ಕುಗಳಿರುವುದರಿಂದ ಎಲ್ಲ ಕಡೆ ಬೆಂಬಲವಿಲ್ಲ. ವಿಂಡೋಸ್‌ನಲ್ಲಿ ಪ್ರತ್ಯೇಕ ವಿಸ್ತರಣೆ ಬೇಕಾಗಬಹುದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್‌ಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಮುಂದಿನ ಫೋಟೋಗಳು ಜೆಪೆಗ್‌ನಲ್ಲಿ ಬರುತ್ತವೆ.

ವಾಟ್ಸಾಪ್‌ನಲ್ಲಿ ಕಳುಹಿಸಿದ ಫೋಟೋ ಏಕೆ ಕೆಡುತ್ತದೆ?

ವಾಟ್ಸಾಪ್ ಫೋಟೋದ ಪಿಕ್ಸೆಲ್‌ಗಳನ್ನು ಇಳಿಸಿ, ಮತ್ತೊಮ್ಮೆ ಜೆಪೆಗ್ ಸಂಕೋಚನ ಮಾಡಿ ಕಳುಹಿಸುತ್ತದೆ. ಮೂಲವೇ ಬೇಕಾದಾಗ ಡಾಕ್ಯುಮೆಂಟ್ ಎಂದು ಲಗತ್ತಿಸಬೇಕು, ಆಗ ಫೈಲ್ ಇದ್ದ ಹಾಗೆಯೇ ಹೋಗುತ್ತದೆ. ಹಾಗೆ ಕಳುಹಿಸಿದಾಗ ಫೋಟೋ ತೆಗೆದ ಸ್ಥಳದ ವಿವರ ಅದರೊಳಗಿದ್ದರೆ ಅದೂ ಜೊತೆಗೆ ಹೋಗುತ್ತದೆ ಎಂಬುದು ನೆನಪಿರಲಿ. ಮುದ್ರಣಾಲಯಕ್ಕೆ ಲೇಖನದ ಫೋಟೋ ಕಳುಹಿಸುವವರು, ಸ್ಮರಣ ಸಂಚಿಕೆಗೆ ಹಿರಿಯರ ಭಾವಚಿತ್ರ ಕಳುಹಿಸುವವರು ದಯವಿಟ್ಟು ಈ ದಾರಿಯನ್ನೇ ಹಿಡಿಯಬೇಕು. ಗುಂಪಿನಿಂದ ಗುಂಪಿಗೆ ಸಾಗಿ ಬಂದ ಪ್ರತಿಯನ್ನು ಯಾವ ತಂತ್ರಾಂಶವೂ ಮೊದಲಿನಂತೆ ಮಾಡಲಾರದು.

ಆನ್‌ಲೈನ್ ಅರ್ಜಿಗೆ 50 ಕೆಬಿಯೊಳಗಿನ ಫೋಟೋ ಕೇಳುತ್ತಾರೆ. ಮುಖ ಮಸುಕಾಗದಂತೆ ಹೇಗೆ ಇಳಿಸುವುದು?

ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಅರ್ಜಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಲ್ಲಿ ಫೋಟೋ 200 × 230 ಪಿಕ್ಸೆಲ್, 20ರಿಂದ 50 ಕೆಬಿ. ಸಹಿ 140 × 60 ಪಿಕ್ಸೆಲ್, 10ರಿಂದ 20 ಕೆಬಿ ಇರಬೇಕೆಂದು ಕೇಳುತ್ತಾರೆ. 200 × 230 ಪಿಕ್ಸೆಲ್‌ಗಳ ಚಿತ್ರ ಸಂಕೋಚನವಿಲ್ಲದೆಯೇ 138 ಕೆಬಿ. ಅದನ್ನು 50 ಕೆಬಿಗೆ ಇಳಿಸಲು ಮೂರನೇ ಒಂದು ಭಾಗ ಮಾಡಿದರಾಯಿತು, ಜೆಪೆಗ್‌ಗೆ ಅದು ಏನೇನೂ ಕಷ್ಟವಲ್ಲ, ಮುಖದ ಒಂದು ಗೆರೆಯೂ ಕೆಡಬೇಕಾಗಿಲ್ಲ. ತೊಂದರೆ ಬರುವುದು 4000 ಪಿಕ್ಸೆಲ್ ಅಗಲದ ಫೋಟೋವನ್ನು ಹಾಗೇ ಇಟ್ಟುಕೊಂಡು ಕ್ವಾಲಿಟಿಯನ್ನು ಮಾತ್ರ ಇಳಿಸುತ್ತಾ ಹೋದಾಗ. ಮೊದಲು ಭಾವಚಿತ್ರವನ್ನು ಕತ್ತರಿಸಿ, ಪಿಕ್ಸೆಲ್‌ಗಳನ್ನು ಕೇಳಿದಷ್ಟಕ್ಕೆ ತಂದು, ಕ್ವಾಲಿಟಿ 90ರ ಸುಮಾರಿಗೆ ಇಟ್ಟು ಉಳಿಸಿ ನೋಡಬೇಕು.

ಸಹಿಯಲ್ಲಿ ಇದಕ್ಕೆ ವಿರುದ್ಧವಾದ ತೊಂದರೆ ಎದುರಾಗುತ್ತದೆ. 140 × 60 ಪಿಕ್ಸೆಲ್ ಎಂದರೆ ಸಂಕೋಚನವಿಲ್ಲದೆಯೇ 25 ಕೆಬಿ, ಅದರಲ್ಲಿ ಬಹುಭಾಗ ಬಿಳಿ ಕಾಗದ. ಸಾಧಾರಣ ಜೆಪೆಗ್ ಅದನ್ನು 10 ಕೆಬಿಗಿಂತ ಕೆಳಗೆ ಇಳಿಸಿಬಿಡುತ್ತದೆ, ಅರ್ಜಿಯ ಪುಟ ಫೈಲ್ ಚಿಕ್ಕದಾಯಿತೆಂದು ತಿರಸ್ಕರಿಸುತ್ತದೆ. ಆಗ ಕ್ವಾಲಿಟಿಯನ್ನು 100ಕ್ಕೆ ಏರಿಸಬೇಕು, ಸಾಲದಿದ್ದರೆ ಅಳತೆಯನ್ನು ಅದೇ ಅನುಪಾತದಲ್ಲಿ ತುಸು ಹೆಚ್ಚಿಸಬೇಕು.

ಮುದ್ರಣಕ್ಕೆ, ಬ್ಯಾನರ್‌ಗೆ ಯಾವುದು ಸರಿ?

ಆಮಂತ್ರಣ ಪತ್ರಿಕೆ, ಕರಪತ್ರ, ಪುಸ್ತಕದ ಮುಖಪುಟ ಇವುಗಳಲ್ಲಿ ಅಕ್ಷರಗಳನ್ನು ಚಿತ್ರವಾಗಿಸಬಾರದು. ನುಡಿ, ಬರಹಗಳಂಥ ಫಾಂಟುಗಳು ಎದುರಿನ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಅಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ ಎಂಬ ಭಯದಿಂದ ಜೆಪೆಗ್ ಮಾಡಿ ಕಳುಹಿಸುವ ರೂಢಿ ಬಂದಿದೆ. ಅಕ್ಷರಗಳನ್ನು ಕರ್ವ್ಸ್‌ಗೆ (ಫಾಂಟ್ ಬೇಡದ ರೇಖಾಕೃತಿಗಳಿಗೆ) ಬದಲಾಯಿಸಿ ಪಿಡಿಎಫ್ ಕೊಟ್ಟರೆ ಭಯವೂ ಇಲ್ಲ, ಅಂಚೂ ಕೆಡುವುದಿಲ್ಲ. ಫೋಟೋಗಳನ್ನು ಟಿಫ್ ಅಥವಾ ಹೆಚ್ಚಿನ ಕ್ವಾಲಿಟಿಯ ಜೆಪೆಗ್ ಆಗಿ ಕೊಡಬಹುದು. ನಾಲ್ಕು ಬಣ್ಣದ ಮುದ್ರಣಕ್ಕೆ ಬೇಕಾದ ಸಿಎಂವೈಕೆ ಬಣ್ಣ ವ್ಯವಸ್ಥೆ ಪಿಎನ್‌ಜಿಯಲ್ಲಿ ಇಲ್ಲ.

ಡಿಪಿಐ ಬಗ್ಗೆ ಒಂದು ಮಾತು: ಫೈಲಿನೊಳಗೆ 72 ಎಂದಿದ್ದುದನ್ನು 300 ಎಂದು ತಿದ್ದಿದರೆ ಒಂದು ಪಿಕ್ಸೆಲ್ ಕೂಡ ಹೆಚ್ಚುವುದಿಲ್ಲ. 4000 ಪಿಕ್ಸೆಲ್ ಅಗಲದ ಫೋಟೋ 300 ಡಿಪಿಐನಲ್ಲಿ ಹದಿಮೂರು ಇಂಚಿಗೆ ಸಾಕಾಗುತ್ತದೆ, ಅದನ್ನೇ ಹತ್ತು ಅಡಿಯ ಬ್ಯಾನರಿಗೆ ಹಿಗ್ಗಿಸಿದರೆ ಇಂಚಿಗೆ 33 ಪಿಕ್ಸೆಲ್ ಉಳಿಯುತ್ತದೆ. ರಸ್ತೆಯ ಆಚೆ ಬದಿಯಿಂದ ನೋಡುವ ಬ್ಯಾನರಿಗೆ ಅದೂ ನಡೆಯುತ್ತದೆ.

ಕ್ಯಾಮೆರಾದ ರಾ ಫೈಲ್ (ಕ್ಯಾಮೆರಾ ದಾಖಲಿಸಿದ ಕಚ್ಚಾ ಮಾಹಿತಿ) ಬೇಕೇ?

ಕಾಡಿನಲ್ಲಿ, ಮದುವೆ ಮನೆಯಲ್ಲಿ, ಬೆಳಕು ಕೈಕೊಡುವ ಕಡೆಗಳಲ್ಲಿ ಫೋಟೋ ತೆಗೆಯುವವರಿಗೆ ಬೇಕು. ಅದರಲ್ಲಿ ಪ್ರತಿ ಪಿಕ್ಸೆಲ್‌ಗೆ 12 ಅಥವಾ 14 ಬಿಟ್ ಮಾಹಿತಿ ಇರುವುದರಿಂದ ನೆರಳಿನಲ್ಲಿ ಮುಳುಗಿದ ಭಾಗವನ್ನು ಎತ್ತಬಹುದು, ಬಿಳಿಯ ಸಮತೋಲವನ್ನು ಆಮೇಲೆ ತಿದ್ದಬಹುದು. ಜೆಪೆಗ್‌ನ 8 ಬಿಟ್‌ನಲ್ಲಿ ಅಷ್ಟು ಅವಕಾಶವಿಲ್ಲ.

ಎರಡು ಫಾರ್ಮ್ಯಾಟ್‌ಗಳನ್ನು ನಾವೇ ಹೋಲಿಸಿ ನೋಡುವುದು ಹೇಗೆ?

ನಿಮ್ಮ ಕೆಲಸದ್ದೇ ಆದ ಒಂದು ಚಿತ್ರದಿಂದ, ನಷ್ಟರಹಿತ ಮೂಲದಿಂದ ಆರಂಭಿಸಬೇಕು. ಈಗಾಗಲೇ ಜೆಪೆಗ್ ಆಗಿರುವುದರಿಂದ ಹೊರಟರೆ ಹೋಲಿಕೆ ದಿಕ್ಕು ತಪ್ಪುತ್ತದೆ. ಬ್ರೌಸರಿನಲ್ಲೇ ನಡೆಯುವ ಸ್ಕ್ವೂಶ್ ಎಂಬ ಉಚಿತ ಸಾಧನದಲ್ಲಿ ಎರಡು ಫಾರ್ಮ್ಯಾಟ್‌ಗಳನ್ನು ಅಕ್ಕಪಕ್ಕ ಇಟ್ಟು ನಡುವಿನ ಗೆರೆಯನ್ನು ಎಳೆದು ನೋಡಬಹುದು. ಎರಡರ ಗಾತ್ರವನ್ನು ಸಮಕ್ಕೆ ತಂದು ಗುಣಮಟ್ಟ ನೋಡಬೇಕು, ಇಲ್ಲವೇ ಗುಣಮಟ್ಟವನ್ನು ಸಮಕ್ಕೆ ತಂದು ಗಾತ್ರ ನೋಡಬೇಕು. ಕ್ವಾಲಿಟಿ ಸಂಖ್ಯೆಯನ್ನು ಸಮ ಮಾಡಿ ನೋಡಿದರೆ ಪ್ರಯೋಜನವಿಲ್ಲ. ಮೊದಲು 100 ಶೇಕಡಾ ನೋಟದಲ್ಲಿ ನೋಡಿ, ಆಮೇಲೆ ಅಕ್ಷರದ ಅಂಚು, ಕೂದಲು, ಕೆಂಪು ಬಟ್ಟೆಯ ಮಡಿಕೆ, ಸಂಜೆಯ ಆಕಾಶ ಈ ನಾಲ್ಕನ್ನು ಹಿಗ್ಗಿಸಿ ನೋಡಿದರೆ ಹೆಚ್ಚಿನ ದೋಷಗಳು ಸಿಕ್ಕಿಬೀಳುತ್ತವೆ. ಎರಡು ಚಿತ್ರಗಳ ಹೋಲಿಕೆಯನ್ನು ಅಳೆಯುವ ಎಸ್‌ಎಸ್‌ಐಎಂನಂಥ ಅಂಕಿಗಳು ನೂರಾರು ಚಿತ್ರಗಳನ್ನು ಒಟ್ಟಿಗೆ ಅಳೆಯುವಾಗ ಉಪಯುಕ್ತ, ಆದರೆ ಒಂದು ಅಕ್ಷರದ ಸೀಳು ಮುಚ್ಚಿಹೋದದ್ದು ಇಡೀ ಪುಟದ ಸರಾಸರಿಯಲ್ಲಿ ಕಾಣಿಸುವುದೇ ಇಲ್ಲ.

ಹಳೆಯ ಜೆಪೆಗ್ ಸಂಗ್ರಹವನ್ನು ಹೊಸ ಫಾರ್ಮ್ಯಾಟ್‌ಗೆ ಬದಲಾಯಿಸಬೇಕೇ?

ಬೇಡ. ಪಿಎನ್‌ಜಿಗೆ ಬದಲಾಯಿಸಿದರೆ ಹೋದ ವಿವರ ಮರಳುವುದಿಲ್ಲ, ಗಾತ್ರ ಮಾತ್ರ ಹಲವು ಪಟ್ಟು ಏರುತ್ತದೆ. ವೆಬ್‌ಪಿಗೋ ಎವಿಐಎಫ್‌ಗೋ ಬದಲಾಯಿಸಿದರೆ ಹಳೆಯ ನಷ್ಟದ ಮೇಲೆ ಹೊಸ ನಷ್ಟ ಸೇರುತ್ತದೆ. ವೆಬ್‌ಸೈಟಿಗೆ ಬೇಕಾದರೆ ಪ್ರತಿ ಮಾಡಿಕೊಂಡು ಮೂಲ ಜೆಪೆಗ್ ಅನ್ನು ಹಾಗೆಯೇ ಇಟ್ಟುಕೊಳ್ಳಬೇಕು. ಫೈಲನ್ನು ಎಷ್ಟು ಸಲ ತೆರೆದು ನೋಡಿದರೂ, ನಕಲು ಮಾಡಿದರೂ ಕೆಡುವುದಿಲ್ಲ. ತಿದ್ದಿ ಮತ್ತೆ ಜೆಪೆಗ್ ಆಗಿ ಉಳಿಸಿದಾಗ ಕೆಡುತ್ತದೆ. ತಿದ್ದುವ ಕೆಲಸ ಹಲವು ದಿನ ನಡೆಯುವುದಾದರೆ ಅಲ್ಲಿಯವರೆಗೆ ಟಿಫ್‌ನಲ್ಲೋ ತಂತ್ರಾಂಶದ ಸ್ವಂತ ಫಾರ್ಮ್ಯಾಟ್‌ನಲ್ಲೋ ಉಳಿಸಿ, ಕೊನೆಯಲ್ಲಿ ಒಂದೇ ಸಲ ಜೆಪೆಗ್ ಮಾಡಬೇಕು. ಅಡ್ಡವಾದ ಫೋಟೋವನ್ನು ನೇರ ಮಾಡುವುದಷ್ಟೇ ಕೆಲಸವಾದರೆ ಜೆಪೆಗ್‌ಟ್ರಾನ್ ಎಂಬ ಉಚಿತ ಸಾಧನವು ಚೌಕಗಳನ್ನು ಬಿಚ್ಚದೆಯೇ ತಿರುಗಿಸಿಕೊಡುತ್ತದೆ. ಚಿತ್ರದ ಅಗಲ ಮತ್ತು ಎತ್ತರ 16ರಿಂದ ನಿಶ್ಶೇಷವಾಗಿ ಭಾಗವಾಗುವಂತಿದ್ದರೆ ಅಂಚಿನಲ್ಲಿಯೂ ಏನೂ ಹೆಚ್ಚುಕಡಿಮೆಯಾಗುವುದಿಲ್ಲ.